ಕೇಳಿದ್ದು ಮೇಷ್ಟ್ರನ್ನು, ಕಳಿಸಿದ್ದು ನಮೂನೆಯನ್ನು

ಸರ್ಕಾರಿ ಪ್ರಾಥಮಿಕ ಶಾಲೆಗೆ ಬರುವ ಕಾರ್ಯಕ್ರಮಗಳಿಗೆ ಹೆಸರಿಡುವ ಪುಣ್ಯಾತ್ಮರು ಕನ್ನಡವನ್ನು ಪ್ರೀತಿಯಿಂದ ಓದಿಕೊಂಡವರೇ ಇರಬೇಕು. ಚೈತನ್ಯ, ಚಿಣ್ಣರ ಅಂಗಳ, ಕೂಲಿಯಿಂದ ಶಾಲೆಗೆ, ಬಾ ಮರಳಿ ಶಾಲೆಗೆ, ಸಮುದಾಯದತ್ತ ಶಾಲೆ, ಪ್ರತಿಭಾ ಕಾರಂಜಿ, ನಲಿಕಲಿ, ಓದು ಕರ್ನಾಟಕ, ಗುರುಚೇತನ, ವಿದ್ಯಾಗಮ, ಕಲಿಕಾ ಚೇತರಿಕೆ – ಒಂದಕ್ಕಿಂತ ಒಂದು ಚೆಂದ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಇಷ್ಟೂ ನಾಮಕರಣಗಳಿಗೆ ಹೋಗಿ ಬಂದಿದ್ದೇನೆ. ತೊಟ್ಟಿಲು ತೂಗಿದ್ದೇನೆ, ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದೇನೆ. ಕೂಸು ಬೆಳೆದು ಅಂಗಳದಲ್ಲಿ ಓಡಾಡಿದ್ದನ್ನು ನೋಡಿದ್ದು ಮಾತ್ರ ಕಡಿಮೆ.

ನನ್ನ ಜಗಳ ಈ ಕಾರ್ಯಕ್ರಮಗಳ ಮೇಲಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಕೆಟ್ಟದ್ದು ಎನ್ನುವಂಥದ್ದು ಒಂದೂ ಇರಲಿಲ್ಲ. ಕೆಲವಂತೂ ಬಹಳ ಒಳ್ಳೆಯವು, ಅವುಗಳಿಂದ ನಾನು ಕಲಿತಿದ್ದೇನೆ. ನನ್ನ ಜಗಳ ಇವೆಲ್ಲದರ ಅಡಿಯಲ್ಲಿ ಸದ್ದಿಲ್ಲದೆ ಕೂತಿರುವ ಒಂದು ಲೆಕ್ಕದ ಮೇಲೆ. ಆ ಲೆಕ್ಕವೇ ಸರಿಯಿಲ್ಲದಿರುವಾಗ ಅದರ ಮೇಲೆ ಎಂಥ ಕಾರ್ಯಕ್ರಮ ಕಟ್ಟಿದರೂ ಅದು ತಳಪಾಯವಿಲ್ಲದ ಮನೆಗೆ ಸುಣ್ಣ ಬಳಿದಂತೆ.

ಲೆಕ್ಕ ಇದು. ಶಾಲೆಗೆ ಮೇಷ್ಟ್ರನ್ನು ಕೊಡುವಾಗ ನಮ್ಮವರು ಮಕ್ಕಳ ತಲೆ ಎಣಿಸುತ್ತಾರೆ. ಪಾಠ ನಡೆಯುವುದು ಮಾತ್ರ ತರಗತಿಯ ಲೆಕ್ಕದಲ್ಲಿ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ೬೦ ಮಕ್ಕಳವರೆಗೆ ಇಬ್ಬರು ಶಿಕ್ಷಕರು, ೯೦ರವರೆಗೆ ಮೂವರು, ೧೨೦ರವರೆಗೆ ನಾಲ್ವರು. ಪ್ರತ್ಯೇಕ ಮುಖ್ಯಶಿಕ್ಷಕರು ಬೇಕೆಂದರೆ ೧೫೦ ದಾಟಬೇಕು. ಮೂವತ್ತು ಮಕ್ಕಳಿಗೆ ಒಬ್ಬರು ಎಂದರೆ ಕೇಳಲು ಬಹಳ ಉದಾರವಾಗಿದೆ. ಪೇಟೆಯ ಕಾನ್ವೆಂಟಿನಲ್ಲಿ ಐವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ತುಂಬುತ್ತಾರಲ್ಲ, ನಿಮಗೇನು ಕಷ್ಟ ಎಂದು ನೆಂಟರು ನನ್ನನ್ನು ಕೇಳುತ್ತಾರೆ. ಅಲ್ಲಿ ಐವತ್ತು ಮಕ್ಕಳು ಒಂದೇ ತರಗತಿಯವರು. ನಮ್ಮಲ್ಲಿ ನಲವತ್ತು ಮಕ್ಕಳು ಐದು ತರಗತಿಯವರು. ವ್ಯತ್ಯಾಸ ಅಷ್ಟೇ, ಆದರೆ ಆ ‘ಅಷ್ಟೇ’ಯಲ್ಲಿ ಎಲ್ಲವೂ ಇದೆ.

ಐದು ತರಗತಿ, ತರಗತಿಗೆ ಕನ್ನಡ, ಇಂಗ್ಲಿಷು, ಗಣಿತ, ಪರಿಸರ ಅಧ್ಯಯನ ಎಂದು ನಾಲ್ಕು ವಿಷಯ. ಒಟ್ಟು ಇಪ್ಪತ್ತು ಪಾಠ. ಕಲಿಸುವವರು ಇಬ್ಬರು. ಅದೇ ಕಾಯ್ದೆ ಈ ಮಕ್ಕಳಿಗೆ ವರ್ಷಕ್ಕೆ ೨೦೦ ದಿನ, ೮೦೦ ಗಂಟೆ ಬೋಧನೆ ಆಗಬೇಕು ಎನ್ನುತ್ತದೆ. ನಾಲ್ಕನೆಯ ತರಗತಿಯ ಹುಡುಗನಿಗೂ ಬರುವ ಲೆಕ್ಕ ಮಾಡೋಣ. ಇಬ್ಬರು ಶಿಕ್ಷಕರು ಒಂದು ದಿನವೂ ರಜೆ ಹಾಕದೆ, ಒಂದು ಸಭೆಗೂ ಹೋಗದೆ, ಒಂದು ಕಾಗದವನ್ನೂ ಮುಟ್ಟದೆ ಪಾಠ ಮಾಡಿದರೂ ಐದು ತರಗತಿಗೆ ಹಂಚಿದರೆ ಒಂದೊಂದು ತರಗತಿಯ ಪಾಲಿಗೆ ಬರುವುದು ೩೨೦ ಗಂಟೆ. ಉಳಿದ ೪೮೦ ಗಂಟೆ ಆ ಮಗು ಏನು ಮಾಡುತ್ತದೆ? ಕಾಪಿ ಬರೆಯುತ್ತದೆ, ಮಗ್ಗಿ ಒಪ್ಪಿಸುತ್ತದೆ, ಕಿಟಕಿಯಾಚೆ ಹೊಂಗೆ ಮರ ನೋಡುತ್ತದೆ. ಮೇಷ್ಟ್ರು ಅದೇ ಕೋಣೆಯಲ್ಲಿ ಇರಬಹುದು. ಅವರ ಕಣ್ಣು ಮಾತ್ರ ಇನ್ನೊಂದು ತರಗತಿಯ ಮೇಲಿರುತ್ತದೆ. ಕಾಯ್ದೆಯ ಒಂದು ಪುಟ ೮೦೦ ಗಂಟೆಯ ಮಾತು ಕೊಡುತ್ತದೆ, ಅದೇ ಅನುಸೂಚಿಯ ಇನ್ನೊಂದು ಸಾಲು ಆ ಮಾತನ್ನು ಮುರಿಯುತ್ತದೆ. ಇದನ್ನು ಕಂಡುಹಿಡಿಯಲು ಪಿಎಚ್.ಡಿ. ಬೇಡ, ಐದನೆಯ ತರಗತಿಯ ಭಾಗಾಕಾರ ಸಾಕು.

ನಾನು ನೌಕರಿಗೆ ಸೇರಿದ್ದು ೧೯೯೫ರಲ್ಲಿ, ಆಗಿನ ಕೋಲಾರ ಜಿಲ್ಲೆಯ ಒಂದು ಹಳ್ಳಿಗೆ. ಆ ಭಾಗ ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಟಿ.ಸಿ.ಎಚ್. ಮುಗಿಸಿ ಸೇರಿದವಳು, ಬಿ.ಎ., ಬಿ.ಎಡ್. ಮಾಡಿಕೊಂಡಿದ್ದು ಆಮೇಲೆ, ಮಕ್ಕಳು ಮಲಗಿದ ಮೇಲೆ ಓದಿ. ಆ ಶಾಲೆಗೆ ನಾನು ಎರಡನೆಯ ಶಿಕ್ಷಕಿ. ‘ಎರಡನೆಯವಳು’ ಎಂಬ ಮಾತಿಗೆ ಆಗ ಬೆಲೆಯಿತ್ತು. ೧೯೮೭ರಲ್ಲಿ ಕೇಂದ್ರ ಸರ್ಕಾರ ಕಪ್ಪುಹಲಗೆ ಕಾರ್ಯಾಚರಣೆ ಎಂದು ಶುರು ಮಾಡಿದಾಗ, ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ದೊಡ್ಡ ಕೋಣೆ, ಇಬ್ಬರು ಶಿಕ್ಷಕರು, ಅವರಲ್ಲಿ ಆದಷ್ಟು ಮಟ್ಟಿಗೆ ಒಬ್ಬರು ಹೆಂಗಸು, ಜೊತೆಗೆ ಪಾಠೋಪಕರಣ ಎಂದು ನಿಯಮ ಮಾಡಿತು. ಆ ಉಪಕರಣಗಳ ತಗಡಿನ ಪೆಟ್ಟಿಗೆಯನ್ನು ಎಷ್ಟೋ ಶಾಲೆಗಳಲ್ಲಿ ಬೀಗ ಹಾಕಿ ಕಾಪಾಡಿದರು, ಗೋಲ ಒಡೆದರೆ ದಾಸ್ತಾನು ವಹಿಗೆ ಯಾರು ಉತ್ತರ ಕೊಡುವುದು ಎಂಬ ಭಯಕ್ಕೆ. ಪೆಟ್ಟಿಗೆಯ ಬಗ್ಗೆ ನಗಬಹುದು. ಎರಡನೆಯ ಶಿಕ್ಷಕರ ಬಗ್ಗೆ ನಗುವಂತಿಲ್ಲ. ಒಬ್ಬರೇ ಮೇಷ್ಟ್ರು ಇದ್ದ ಊರಿನಲ್ಲಿ ಅವರಿಗೆ ಜ್ವರ ಬಂದರೆ ಶಾಲೆಗೂ ಜ್ವರ. ಹೆಂಗಸೊಬ್ಬಳು ಶಾಲೆಯಲ್ಲಿದ್ದಾಳೆ ಎಂಬ ಒಂದೇ ಧೈರ್ಯಕ್ಕೆ ತಾಯಂದಿರು ಹತ್ತು ವರ್ಷದ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ಅಂದರೆ ಒಬ್ಬರಿಂದ ಐದು ತರಗತಿ ಆಗದು ಎಂದು ಈ ದೇಶಕ್ಕೆ ೧೯೮೭ರಲ್ಲೇ ಗೊತ್ತಾಗಿತ್ತು. ಒಂದರಿಂದ ಎರಡಕ್ಕೆ ಬಂದೆವು. ಅಲ್ಲಿಂದ ಈಚೆಗೆ ಎಷ್ಟು ಸರ್ಕಾರಗಳು ಬಂದವು, ಎಷ್ಟು ಅಭಿಯಾನಗಳಾದವು! ಸಣ್ಣ ಶಾಲೆಯ ಪಾಲಿಗೆ ಎರಡು ಎಂಬುದು ಮೂರಾಗಲಿಲ್ಲ. ೧೯೮೭ರಲ್ಲಿ ಅದು ಮೊದಲ ಮೆಟ್ಟಿಲಾಗಿತ್ತು, ೨೦೦೯ರಲ್ಲಿ ಅದನ್ನೇ ಕಾಯ್ದೆಯಲ್ಲಿ ಬರೆದು ಕೊನೆಯ ಮೆಟ್ಟಿಲು ಮಾಡಿದರು. ಎರಡರಿಂದ ಮುಂದೆ ಹೋಗಲಾರದ ಈ ಜಾಗದಲ್ಲಿ ಕಾರ್ಯಕ್ರಮಗಳು ಒಂದರ ಹಿಂದೊಂದು ಬಂದು ಕೂತವು. ಮೇಷ್ಟ್ರನ್ನು ಕೇಳಿದೆವು, ನಮೂನೆ ಬಂತು.

ನಲಿಕಲಿಯ ಕಥೆಯನ್ನು ಇದಕ್ಕೆ ಉದಾಹರಣೆಯಾಗಿ ಹೇಳಬೇಕು, ಏಕೆಂದರೆ ನಾನು ಕಂಡ ಕಾರ್ಯಕ್ರಮಗಳಲ್ಲಿ ಅದು ಅತ್ಯಂತ ಒಳ್ಳೆಯದು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಯವರ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಮದನಪಲ್ಲಿ ಎಂದರೆ ನಮ್ಮ ಸೀಮೆಯ ಗಡಿಯಾಚೆ, ನಮ್ಮ ಊರಿನ ಟೊಮೇಟೊ ಗಾಡಿಗಳು ಹೋಗುವ ಪೇಟೆ. ಅಲ್ಲಿ ಕಂಡದ್ದನ್ನು ತಮ್ಮ ಕನ್ನಡಕ್ಕೆ, ತಮ್ಮ ಕಾಡಂಚಿನ ಮಕ್ಕಳಿಗೆ ಒಗ್ಗಿಸಿ ಕಾರ್ಡುಗಳನ್ನು ತಾವೇ ಬರೆದರು. ಯುನಿಸೆಫ್ ನೆರವಿತ್ತು. ಆದರೆ ಬುದ್ಧಿ ಶಿಕ್ಷಕರದು. ಮಗು ತನ್ನ ವೇಗದಲ್ಲಿ ಏಣಿಯ ಮೆಟ್ಟಿಲು ಹತ್ತುತ್ತದೆ, ಇಂದು ಬರದಿದ್ದರೆ ನಾಳೆ ಅದೇ ಮೆಟ್ಟಿಲಿನಿಂದ ಮುಂದುವರಿಯುತ್ತದೆ, ಫೇಲು ಎಂಬ ಮಾತಿಲ್ಲ. ನೆಲದ ಮೇಲೆ ದುಂಡಗೆ ಕೂರುವ ಗುಂಪುಗಳು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ, ತಲೆಯ ಮೇಲೆ ದಾರಕ್ಕೆ ಕಟ್ಟಿದ ಮಕ್ಕಳ ಚಿತ್ರದ ಚಪ್ಪರ. ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲಿ ತೆಲುಗು. ಹಾಲಿಗೆ ಪಾಲು ಎನ್ನುವ ಮಗುವಿಗೆ ಪುಸ್ತಕದ ಕನ್ನಡ ಅರ್ಧ ಪರಭಾಷೆ. ಚಿತ್ರದ ಕಾರ್ಡು ಹಿಡಿದು ಮಾತಾಡುತ್ತ ಮಾತಾಡುತ್ತ ಅವು ಕನ್ನಡಕ್ಕೆ ಬಂದ ರೀತಿ ಕಂಡು ನನಗೇ ಬೆರಗಾಗಿತ್ತು.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಅಲ್ಲ, ರ ಗ ಸ ದ ಅ. ಬರೆಯಲು ಸುಲಭ, ನಾಲ್ಕೈದು ಅಕ್ಷರ ಬಂದೊಡನೆ ಸರ, ಗರಗಸ, ದಸರ ಎಂದು ಪದ ಕಟ್ಟಬಹುದು. ಒಂದು ದಿನ ಒಬ್ಬ ಅಜ್ಜಿ ಮೊಮ್ಮಗನ ಸ್ಲೇಟು ಹಿಡಿದು ನ್ಯಾಯ ಕೇಳಲು ಬಂದರು.

“ಏನಮ್ಮಾ ಟೀಚರಮ್ಮ, ನಾಲ್ಕು ತಿಂಗಳಾಯ್ತು, ಇವನಿಗೆ ಇನ್ನೂ ಅ ಆ ಇ ಈ ಬರಲಿಲ್ಲ. ಸರಸ್ವತಿಯನ್ನೇ ತಲೆಕೆಳಗು ಮಾಡಿದ್ದೀರಲ್ಲ!”

“ಅಜ್ಜಿ, ಒಂದು ನಿಮಿಷ ಕೂತ್ಕೊಳ್ಳಿ,” ಎಂದು ಹುಡುಗನ ಕೈಯಲ್ಲಿ ‘ದಸರ’ ಬರೆಸಿ ಓದಿಸಿದೆ. ಅಜ್ಜಿ ಸ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, “ಹೋಗ್ಲಿ ಬಿಡು, ಹಬ್ಬ ಬರೆಯೋಕೆ ಬಂತಲ್ಲ,” ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೋದರು.

ಇಂಥ ಒಳ್ಳೆಯದಕ್ಕೆ ಏನಾಯಿತು? ೨೦೦೯-೧೦ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಆದೇಶವಾಗಿ ಬಂತು. ಕೆಲವು ಶಿಕ್ಷಕರು ಬೇಕೆಂದು ಮಾಡಿಕೊಂಡದ್ದು ಎಲ್ಲ ಶಿಕ್ಷಕರೂ ಮಾಡಲೇಬೇಕಾದದ್ದಾಯಿತು. ಅದೂ ಇರಲಿ. ನನ್ನ ಸಂಕಟ ಬೇರೆ. ಬಹುತರಗತಿ ಬೋಧನೆ ಎಂಬ ಕಾಯಿಲೆಗೆ ಔಷಧಿಯಾಗಿ ಹುಟ್ಟಿದ ಪದ್ಧತಿ ಅದು. ಔಷಧಿ ಸಿಕ್ಕಿತಲ್ಲ, ಇನ್ನು ಕಾಯಿಲೆ ಹಾಗೇ ಇರಲಿ ಎಂದುಬಿಟ್ಟರು! ಮೊದಲ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬರು, ಮೇಲಿನ ತರಗತಿಗಳಿಗೆ ಇನ್ನೊಬ್ಬರು. ಲೆಕ್ಕ ಸರಿಹೋಯಿತು, ಹುದ್ದೆ ಉಳಿಯಿತು. ನಲಿಕಲಿಯ ಕೋಣೆಯಲ್ಲಿ ಐದು ಗುಂಪು. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಒಂದಕ್ಕೆ ಅರ್ಧ ನೆರವು, ಎರಡು ಗುಂಪು ಗೆಳೆಯರ ನೆರವಿನಿಂದ, ಕೊನೆಯದು ತಾನೇ ಕಲಿಯುವುದು. ಇದನ್ನು ನಡೆಸುವ ಶಿಕ್ಷಕಿ ಬೆಳಗಿನಿಂದ ಸಂಜೆವರೆಗೆ ಆ ಕೋಣೆ ಬಿಟ್ಟು ಕದಲಬಾರದು. ಪಕ್ಕದ ಕೋಣೆಯವರು ಸಭೆಗೆ ಹೋದ ದಿನ ಆಕೆಯ ಕೋಣೆಗೆ ನಾಲ್ಕು, ಐದನೆಯ ತರಗತಿಯೂ ಬಂದು ಕೂರುತ್ತದೆ. ಅಲ್ಲಿಗೆ ಏಣಿಯೂ ಇಲ್ಲ, ಮೆಟ್ಟಿಲೂ ಇಲ್ಲ, ಸಂತೆ. ಊರುಗೋಲು ಕೊಟ್ಟಿದ್ದೇವೆ ಎಂದು ಹೇಳಿ ಕಾಲಿನ ಚಿಕಿತ್ಸೆ ನಿಲ್ಲಿಸಿದ ವೈದ್ಯರನ್ನು ನೀವು ಏನೆನ್ನುತ್ತೀರಿ?

ಹಾಗಾದರೆ ಗೆದ್ದ ಕಾರ್ಯಕ್ರಮ ಇಲ್ಲವೇ ಎಂದು ಕೇಳಬಹುದು. ಇದೆ. ಬಿಸಿಯೂಟ. ಮೊದಲು ತಿಂಗಳಿಗೆ ಮೂರು ಕಿಲೋ ಅಕ್ಕಿ ಮನೆಗೆ ಕೊಡುತ್ತಿದ್ದ ಕಾಲವೊಂದಿತ್ತು. ಹಾಜರಿ ಶೇಕಡ ಎಂಬತ್ತು ಇದ್ದರೆ ಅಕ್ಕಿ. ಅಕ್ಕಿ ಮನೆಗೆ ಹೋಗುತ್ತಿತ್ತು, ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೋ. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟು ೨೦೦೧ರ ನವೆಂಬರಿನಲ್ಲಿ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ಎಲ್ಲ ಕಡೆಗೂ ಬಂತು. ೨೦೧೩ರಲ್ಲಿ ಹಾಲು ಬಂತು, ಈಚೆಗೆ ಮೊಟ್ಟೆಯೂ ಬಂತು. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುವ ಮಕ್ಕಳು ಕಡಿಮೆಯಾದರು. ಜಾತಿ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದರು. ಈ ಕಾರ್ಯಕ್ರಮ ಏಕೆ ನಿಂತಿತು? ಅಕ್ಕಿ ಬೇಳೆಯ ಜೊತೆಗೆ ಸರ್ಕಾರ ಅಡುಗೆಯವರನ್ನೂ ಕೊಟ್ಟಿತು, ಅದಕ್ಕೆ ನಿಂತಿತು. ಊರಿನ ಇಬ್ಬರು ಹೆಂಗಸರು ಸೌದೆ ಉರಿಸಿ, ಆಮೇಲೆ ಗ್ಯಾಸು ಹಚ್ಚಿ, ಅತ್ಯಲ್ಪ ಗೌರವಧನಕ್ಕೆ ದಿನಾ ಬೇಯಿಸಿ ಬಡಿಸಿದರು. ಅವರಿಗೆ ಕೊಡುವುದು ನಾಚಿಕೆಗೇಡಿನಷ್ಟು ಕಡಿಮೆ ಎಂಬುದು ಬೇರೆ ಜಗಳ. ಆದರೆ ಜನ ಬಂದರು. ‘ಅಡುಗೆಯ ಹತ್ತು ಹಂತಗಳು’ ಎಂದು ನಮಗೇ ಮೂರು ದಿನ ತರಬೇತಿ ಕೊಟ್ಟು, ಬೇಯಿಸಿದ್ದಕ್ಕೆ ನಮೂನೆ ತುಂಬಿ ಕಳಿಸಿ ಎಂದಿದ್ದರೆ ಬಿಸಿಯೂಟವೂ ಇಷ್ಟರಲ್ಲಿ ಬೀರುವಿನಲ್ಲಿ ಒಂದು ಕೈಪಿಡಿಯಾಗಿ ಮಲಗಿರುತ್ತಿತ್ತು.

ಅಕ್ಷರದ ಹಸಿವಿಗೆ ಈ ನ್ಯಾಯ ಏಕಿಲ್ಲ? ಅನ್ನಕ್ಕೆ ಕೈ ಬೇಕು ಎಂದು ತಿಳಿದವರಿಗೆ ಓದಿಗೂ ಕೈ ಬೇಕು ಎಂದು ಏಕೆ ತಿಳಿಯುವುದಿಲ್ಲ?

ಶಿಕ್ಷಕರಿಗೆ ಆಸರೆಯಾಗಲಿ ಎಂದೇ ಹುಟ್ಟಿದ ವ್ಯವಸ್ಥೆಯೊಂದಿದೆ. ೧೯೯೪ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿದ ನಾಲ್ಕು ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಅಕ್ಕಪಕ್ಕದ ಹತ್ತಾರು ಶಾಲೆಗಳಿಗೆ ಒಂದು ಸಮೂಹ ಸಂಪನ್ಮೂಲ ಕೇಂದ್ರ, ಅಲ್ಲಿಗೆ ನಮ್ಮಂತೆಯೇ ಪಾಠ ಮಾಡಿದ ಒಬ್ಬರು ಸಿ.ಆರ್.ಪಿ. ಅವರು ಅಧಿಕಾರಿಯಲ್ಲ, ಗೆಳೆಯರು ಎಂಬುದು ಉದ್ದೇಶ. ಶುರುವಿನಲ್ಲಿ ನಮ್ಮ ಸಮೂಹಕ್ಕೆ ಬಂದವರು ಹಾಗೇ ಇದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು ಮಕ್ಕಳ ನಡುವೆ ಕೂತು ಪಾಠ ಕೇಳುವರು. ಭಿನ್ನರಾಶಿ ಹೇಗೆ ಹೇಳಲಿ ಎಂದರೆ ಚಪಾತಿ ಮುರಿದು ತೋರಿಸುವರು. ಆಮೇಲೆ ಬರಬರುತ್ತಾ ಮೇಲಿನಿಂದ ಮಾಹಿತಿ ಕೇಳುವ ಭಾರವೆಲ್ಲ ಅವರ ತಲೆಯ ಮೇಲೆ ಬಿತ್ತು. ಗೆಳೆಯರಾಗಿ ಬಂದವರನ್ನು ಅಂಚೆಯವರನ್ನಾಗಿ ಮಾಡಿಬಿಟ್ಟರು. ಗಾಡಿ ನಿಲ್ಲಿಸುವ ಮುಂಚೆಯೇ “ಮೇಡಂ, ಆ ಮಾಹಿತಿ ಇವತ್ತೇ ಬೇಕಂತೆ” ಎನ್ನುವ ಅವರ ಮುಖ ನೋಡಿದರೆ ಕೋಪ ಬರುವುದಿಲ್ಲ, ಪಾಪ ಎನಿಸುತ್ತದೆ.

ಇನ್ನೊಂದು ಸಣ್ಣ ಸಂಗತಿ. ಸರ್ವ ಶಿಕ್ಷಣ ಅಭಿಯಾನದ ಮೊದಲ ವರ್ಷಗಳಲ್ಲಿ ಪಾಠೋಪಕರಣ ಮಾಡಿಕೊಳ್ಳಲು ಒಬ್ಬೊಬ್ಬ ಶಿಕ್ಷಕರಿಗೂ ವರ್ಷಕ್ಕೆ ೫೦೦ ರೂಪಾಯಿ ಕೊಡುತ್ತಿದ್ದರು. ದೊಡ್ಡ ಹಣವಲ್ಲ. ನಾನು ಹುಣಸೆ ಬೀಜ, ಬಣ್ಣದ ಕಾಗದ, ಅಳತೆಯ ಲೋಟ, ಒಂದು ಚಿಕ್ಕ ತಕ್ಕಡಿ ತಂದಿದ್ದೆ. ಆ ತಕ್ಕಡಿಯಲ್ಲಿ ತೂಕ ಕಲಿತ ಹುಡುಗನೊಬ್ಬ ಈಗ ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಆ ೫೦೦ ರೂಪಾಯಿಯ ಬೆಲೆ ರೂಪಾಯಿಯಲ್ಲಿರಲಿಲ್ಲ. ನಿನ್ನ ತರಗತಿಗೆ ಏನು ಬೇಕೆಂದು ನಿನಗೆ ಗೊತ್ತು, ತಗೋ ಎಂಬ ಮಾತು ಅದರೊಳಗಿತ್ತು. ಅದೂ ನಿಂತುಹೋಯಿತು. ಈಗ ಸಿದ್ಧವಾದ ಪೆಟ್ಟಿಗೆ ಬರುತ್ತದೆ, ಜೊತೆಗೆ ಅದನ್ನು ಬಳಸುತ್ತಿರುವ ಫೋಟೋ ಕಳಿಸಿ ಎಂಬ ಸೂಚನೆ ಬರುತ್ತದೆ.

ಫೋಟೋ ಎಂದೆನಲ್ಲ, ಆ ಮಾತಿಗೆ ಬರೋಣ. ಹಿಂದೆ ಹಾಜರಿ ಪುಸ್ತಕ, ದಾಖಲಾತಿ ವಹಿ, ದಾಸ್ತಾನು ವಹಿ ಎಂದು ಎಣಿಸಿದಷ್ಟು ವಹಿಗಳಿದ್ದವು. ಕಂಪ್ಯೂಟರು ಬಂದ ಮೇಲೆ ಬರೆಯುವುದು ಕಡಿಮೆಯಾಗುತ್ತದೆ ಎಂದು ಸಂತೋಷಪಟ್ಟೆವು. ವಹಿಗಳು ಹೋಗಲಿಲ್ಲ, ಮೊಬೈಲು ಅವುಗಳ ಜೊತೆಗೆ ಬಂದು ಸೇರಿತು. ಮಕ್ಕಳ ಹಾಜರಿ, ಊಟದ ಸಂಖ್ಯೆ, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಶೌಚಾಲಯದ ಚಿತ್ರ, ದಿನಾಚರಣೆಯ ಚಿತ್ರ. ನಮ್ಮ ಶಾಲೆಯ ಹಿಂದಿನ ಬಂಡೆ ಹತ್ತಿದರೆ ಮಾತ್ರ ನೆಟ್‌ವರ್ಕು. ಇಬ್ಬರಲ್ಲಿ ಒಬ್ಬರು ಬಂಡೆಯ ಮೇಲೆ, ಇನ್ನೊಬ್ಬರು ಐದು ತರಗತಿಯ ಮುಂದೆ.

ಹೀಗೊಂದು ಮಧ್ಯಾಹ್ನ ನಾನು ಮೇಜಿನ ಮೇಲೆ ಅಂಕಿ ಅಂಶ ಹರಡಿಕೊಂಡು ಕೂತಿದ್ದೆ. ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿ ಭಾಗಾಕಾರ ಮಾಡಿಕೊಂಡು ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಳು. ಮಾಹಿತಿ ಮೂರು ಗಂಟೆಯೊಳಗೆ ಬೇಕಿತ್ತು. “ಇರಮ್ಮ” ಎಂದೆ. ಅವಳು ಇದ್ದಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದಳು. ಲೆಕ್ಕ ಸರಿಯಾಗಿತ್ತು, ಶೇಷ ಬರೆಯುವುದನ್ನು ಮಾತ್ರ ಬಿಟ್ಟಿದ್ದಳು. ಅದನ್ನು ತೋರಿಸಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷಕ್ಕಾಗಿ ಅವಳು ಕಾದದ್ದು ಒಂದು ಪೀರಿಯಡ್ಡು. ನಾನು ತುಂಬುತ್ತಿದ್ದ ನಮೂನೆಯ ತಲೆಬರಹ ಏನಿತ್ತು ಗೊತ್ತೇ? ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ಕೈಗೊಂಡ ಕ್ರಮಗಳು! ಇದನ್ನು ಕಥೆಗಾರರು ಬರೆದಿದ್ದರೆ ಉತ್ಪ್ರೇಕ್ಷೆ ಎನ್ನುತ್ತಿದ್ದೆ.

ಪಾಠದ ಹೊರಗಿನ ಕೆಲಸದ ಕಥೆ ಇನ್ನೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ೨೭ನೆಯ ಕಲಮು ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರಕ್ಕೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ೨೦೨೫ರ ಸೆಪ್ಟೆಂಬರ್ ಕೊನೆಯಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆಗೆ ಹೋದವರಲ್ಲಿ ಹೆಚ್ಚಿನವರು ಶಿಕ್ಷಕರು. ಅದು ಮುಗಿಯಲಿ ಎಂದು ದಸರಾ ರಜೆಯನ್ನು ಅಕ್ಟೋಬರ್ ೧೮ರವರೆಗೆ ಹಿಗ್ಗಿಸಿದರು. ಸಮೀಕ್ಷೆ ಬೇಡ ಎನ್ನುವವಳು ನಾನಲ್ಲ. ಬಡವರ ಲೆಕ್ಕ ಸಿಗದೆ ಬಡವರಿಗೆ ನ್ಯಾಯ ಸಿಗದು. ಆದರೆ ಬಡವರ ಮನೆಯ ಲೆಕ್ಕ ಬರೆಯಲು ಬಡವರ ಮಕ್ಕಳ ಮೇಷ್ಟ್ರನ್ನೇ ಕಳಿಸಬೇಕೇ? ಖಾಸಗಿ ಶಾಲೆಯ ಮಕ್ಕಳಿಗೆ ಆ ದಿನಗಳಲ್ಲಿ ಪಾಠ ನಡೆಯಿತು.

ಕೊರೋನಾ ಕಾಲವನ್ನು ನೆನೆದರೆ ಇದೆಲ್ಲ ಇನ್ನೂ ಸ್ಪಷ್ಟವಾಗುತ್ತದೆ. ೨೦೨೦ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಐದನೆಯವರೆಗಿನ ಮಕ್ಕಳಿಗೆ ತೆರೆದದ್ದು ೨೦೨೧ರ ಅಕ್ಟೋಬರ್ ೨೫ಕ್ಕೆ. ನಡುವೆ ಕೆಲವು ವಾರ ವಿದ್ಯಾಗಮ ಎಂದು ನಾವೇ ಮಕ್ಕಳಿದ್ದಲ್ಲಿಗೆ ಹೋಗಿ ಅರಳಿಕಟ್ಟೆಯ ಮೇಲೆ, ದೇವಸ್ಥಾನದ ಜಗಲಿಯ ಮೇಲೆ ಪಾಠ ಮಾಡಿದೆವು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ಶಾಲೆ ತೆರೆದಾಗ ನನ್ನ ಮುಂದೆ ಕೂತದ್ದು ಒಂದನೆಯ ತರಗತಿಯ ಕೊನೆಯನ್ನೂ ಎರಡನೆಯದನ್ನೂ ಕಾಣದೆ ಮೂರನೆಯ ತರಗತಿಗೆ ಬಂದಿದ್ದ ಮಕ್ಕಳು. ಎರಡು ವರ್ಷದ ಕಲಿಕೆಯನ್ನು ಮರಳಿ ತರಬೇಕೆಂದರೆ ಒಬ್ಬೊಬ್ಬ ಮಗುವಿನ ಪಕ್ಕದಲ್ಲಿ ಒಬ್ಬ ದೊಡ್ಡವರು ಕೂರಬೇಕು. ೨೦೨೨-೨೩ನ್ನು ಕಲಿಕಾ ಚೇತರಿಕೆ ವರ್ಷ ಎಂದು ಸಾರಿದರು. ಆ ಹಾಳೆಗಳನ್ನು ಬರೆದವರು ಬುದ್ಧಿವಂತರು, ಒಪ್ಪುತ್ತೇನೆ. ಆದರೆ ಬಂದದ್ದು ಹಾಳೆ. ಹಾಳೆಯ ಪಕ್ಕದಲ್ಲಿ ಕೂರುವವರು ಅದೇ ಇಬ್ಬರು.

ಈಗ ಎದುರುವಾದಗಳಿಗೆ ಬರುತ್ತೇನೆ. ಒಂದು, ಮಕ್ಕಳೇ ಇಲ್ಲದ ಶಾಲೆಗೆ ಐದು ಮೇಷ್ಟ್ರು ಏಕೆ, ಹತ್ತಿರದ ದೊಡ್ಡ ಶಾಲೆಗೆ ಸೇರಿಸಿಬಿಡಿ ಎನ್ನುತ್ತಾರೆ. ಮಕ್ಕಳು ಏಕೆ ಇಲ್ಲ ಎಂದು ಊರಿನವರನ್ನು ಕೇಳಿ ನೋಡಿ. “ಐದು ಕ್ಲಾಸಿಗೆ ಇಬ್ಬರೇ ಟೀಚರು ಮೇಡಂ, ಅದಕ್ಕೆ ವ್ಯಾನಿಗೆ ಹತ್ತಿಸಿದ್ವಿ” ಎನ್ನುತ್ತಾರೆ. ಮೇಷ್ಟ್ರಿಲ್ಲ ಎಂದು ಮಕ್ಕಳು ಹೋದರು. ಮಕ್ಕಳಿಲ್ಲ ಎಂದು ಉಳಿದ ಮೇಷ್ಟ್ರನ್ನು ಹೆಚ್ಚುವರಿ ಎಂದು ಎತ್ತಿದರು. ಕೊನೆಗೆ ಉಳಿಯುವುದು ವ್ಯಾನಿಗೆ ದುಡ್ಡಿಲ್ಲದವರ ಮಕ್ಕಳು. ಶಾಲೆ ಎರಡು ಮೈಲಿ ದೂರವಾದರೆ ಆ ಮನೆಗಳಲ್ಲಿ ಮೊದಲು ಬಿಡುವುದು ಹುಡುಗಿ.

ಎರಡು, ಹಣ ಎಲ್ಲಿದೆ ಎನ್ನುತ್ತಾರೆ. ಕಾರ್ಡು, ಕೈಪಿಡಿ, ಪೆಟ್ಟಿಗೆ, ತರಬೇತಿ, ಬ್ಯಾನರು, ಉದ್ಘಾಟನೆಗೆ ಇರುವ ಹಣ ಯಾವುದು? ಖಾಲಿ ಹುದ್ದೆಗಳ ಜಾಗದಲ್ಲಿ ಹತ್ತು ಹನ್ನೆರಡು ಸಾವಿರಕ್ಕೆ ಅತಿಥಿ ಶಿಕ್ಷಕರನ್ನು ತೆಗೆದುಕೊಂಡು, ಬೇಸಿಗೆ ಬಂದೊಡನೆ ಮನೆಗೆ ಕಳಿಸುತ್ತಾರಲ್ಲ, ಆ ಹುಡುಗಿಯರು ಚೆನ್ನಾಗಿ ಪಾಠ ಮಾಡುತ್ತಾರೆ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎನ್ನುವವರಿಗೆ ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವುದೇ ಒಂದು ತ್ಯಾಗ. ಅತಿಥಿ ಎಂದು ಕರೆದು ಆದರವಿಲ್ಲದೆ ನಡೆಸಿಕೊಳ್ಳುವುದು ನಮ್ಮ ಯಾವ ಮನೆಯ ಸಂಪ್ರದಾಯ?

ಮೂರನೆಯದನ್ನು ಮೆಲ್ಲಗೆ ಹೇಳುತ್ತಾರೆ, ನಾನು ಗಟ್ಟಿಯಾಗಿ ಹೇಳುತ್ತೇನೆ: ಸರ್ಕಾರಿ ಮೇಷ್ಟ್ರುಗಳು ಮೈಗಳ್ಳರು. ಇದ್ದಾರೆ. ನಾನು ಅವರ ಜೊತೆ ಕೆಲಸ ಮಾಡಿದ್ದೇನೆ, ಅವರ ಪಾಲಿನ ತರಗತಿಯನ್ನೂ ನೋಡಿಕೊಂಡಿದ್ದೇನೆ, ಅವರ ಪರ ವಕಾಲತ್ತು 
ವಹಿಸಲಾರೆ. ಆದರೆ ಒಂದು ಮಾತು ಕೇಳಿ. ಮೈಗಳ್ಳರಿಗೆ ಕಾರ್ಯಕ್ರಮದಷ್ಟು ಅನುಕೂಲ ಬೇರೆ ಇಲ್ಲ. ಪಾಠ ಮಾಡದೆಯೂ ನಮೂನೆಯನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬಬಹುದು, ಬೋರ್ಡಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯಬಹುದು. ತರಗತಿಗೊಬ್ಬರು ಇದ್ದರೆ ಆಗ ಕಳ್ಳತನ ಕಾಣುತ್ತದೆ. ಮೂರನೆಯ ತರಗತಿಯ ಮಕ್ಕಳಿಗೆ ಓದು ಬಂದಿಲ್ಲವೆಂದರೆ ಮೂರನೆಯ ತರಗತಿಯ ಶಿಕ್ಷಕರು ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆ. ಈಗ ಯಾರನ್ನು ಕೇಳುತ್ತೀರಿ? ಎಲ್ಲರ ಎಮ್ಮೆ ಯಾರೂ ಕರೆಯಲಿಲ್ಲ ಎಂಬಂತಾಗಿದೆ. ನಿಮ್ಮ ಮಗಳನ್ನು ಎಲ್ಲಿ ಓದಿಸಿದಿರಿ ಎಂದೂ ಕೇಳುವವರಿದ್ದಾರೆ. ಅವಳು ಐದನೆಯವರೆಗೆ ನನ್ನ ಶಾಲೆಯ ಜಮಖಾನದ ಮೇಲೆಯೇ ಕೂತು ಓದಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಲೆ ಎಣಿಸುವುದನ್ನು ಬಿಟ್ಟು ತರಗತಿ ಎಣಿಸಿ. ಐದು ತರಗತಿಗೆ ಐವರನ್ನು ಒಮ್ಮೆಗೇ ಕೊಡಲಾಗದಿದ್ದರೆ ಮೂವರಿಂದ ಶುರು ಮಾಡಿ, ಆದರೆ ಎರಡೇ ಸಾಕು ಎಂಬ ಸಾಲನ್ನು ಕಾಯ್ದೆಯಿಂದ ತೆಗೆಯಿರಿ. ಹತ್ತು ಶಾಲೆಗೆ ಒಬ್ಬರಾದರೂ ಗುಮಾಸ್ತರನ್ನು ಕೊಡಿ. ಬಿಲ್ಲು, ಮೊಟ್ಟೆ, ಮಾಹಿತಿಯೆಲ್ಲ ಅವರ ಮೇಜಿಗೆ ಹೋಗಲಿ. ಸಿ.ಆರ್.ಪಿ.ಯವರ ಕೈಯಿಂದ ನಮೂನೆ ಕಿತ್ತುಕೊಂಡು ಅವರನ್ನು ಮತ್ತೆ ಮಕ್ಕಳ ನಡುವೆ ಕೂರಿಸಿ. ತರಬೇತಿ ಕೊಡುವವರು ನಮ್ಮ ಶಾಲೆಗೇ ಬಂದು, ನಮ್ಮ ಮಕ್ಕಳಿಗೇ ಒಂದು ವಾರ ಪಾಠ ಮಾಡಿ ತೋರಿಸಲಿ, ನಾವು ಹಿಂದಿನ ಸಾಲಿನಲ್ಲಿ ಕೂತು ಕಲಿಯುತ್ತೇವೆ. ಹೊಸ ಕಾರ್ಯಕ್ರಮವೊಂದನ್ನು ತರುವ ಮುಂಚೆ ಹಳೆಯದೊಂದನ್ನು ಲೆಕ್ಕ ಒಪ್ಪಿಸಿ ಮುಗಿಸಿ. ಅದರಿಂದ ಎಷ್ಟು ಮಕ್ಕಳು ಓದಲು ಕಲಿತರು ಎಂದು ಊರಿನ ಮುಂದೆ ಹೇಳಿ ಮುಗಿಸಿ.

ಇದು ಶಿಕ್ಷಕರ ಸಂಘದ ಬೇಡಿಕೆ ಎಂದು ಬದಿಗಿಡಬೇಡಿ. ನನಗೆ ನಿವೃತ್ತಿ ಹತ್ತಿರದಲ್ಲಿದೆ, ಮೂರನೆಯವರು ಬಂದರೂ ಅವರ ಜೊತೆ ನಾನು ಹೆಚ್ಚು ದಿನ ಇರುವುದಿಲ್ಲ. ಇದು ವರ್ಷಕ್ಕೆ ೪೮೦ ಗಂಟೆ ಕಿಟಕಿ ನೋಡುವ ಮಗುವಿನ ಬೇಡಿಕೆ. ಅದಕ್ಕೆ ಮನವಿ ಬರೆಯಲು ಬರುವುದಿಲ್ಲ, ಆ ಪಾಠ ಇನ್ನೂ ಆಗಿಲ್ಲ.

ಮುಂದಿನ ಸೆಪ್ಟೆಂಬರ್ ೫ರಂದು ಯಾವುದಾದರೂ ವೇದಿಕೆಯ ಮೇಲೆ ಮತ್ತೊಂದು ಚೆಂದದ ಹೆಸರು ಕೇಳಿಬರುತ್ತದೆ. ಚಪ್ಪಾಳೆಯೂ ಆಗುತ್ತದೆ. ಅಲ್ಲಿ ನೀವಿದ್ದರೆ ದಯವಿಟ್ಟು ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: “ಸ್ವಾಮಿ, ಇದಕ್ಕೆ ಎಷ್ಟು ಜನ ಬರುತ್ತಾರೆ?”